ಕೋಲಾರದ ಗಡಿಯಾರ ಗೋಪುರದಿಂದ ವಿದುರಾಶ್ವತ್ಥದವರೆಗೆ

ಶುಕ್ರವಾರ

ನಮ್ಮ ಭಾವ ತುಮಕೂರಿನಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿದೆ, ಅಭ್ಯಾಸ ಬಿಟ್ಟಿಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆ ಗಡಿಯಾರದ ಸದ್ದಿಗೆ ಕಿವಿ ಕೊಡುತ್ತಾರೆ. ನನಗೆ ಹಳೇ ಕಲ್ಲುಗಳ ಹುಚ್ಚು. ಇಬ್ಬರ ಹುಚ್ಚೂ ಒಂದೇ ಸಲಕ್ಕೆ ತೀರಬೇಕಾದರೆ ಕೋಲಾರದ ಕಡೆ ಹೋಗಬೇಕು. ಪೇಟೆಯ ನಡುವೆ ಕ್ಲಾಕ್ ಟವರ್ ಇದೆ. ಸುತ್ತಲಿನ ಹಳ್ಳಿಗಳ ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳಿವೆ. ಗಡಿಯಾರ ಗೋಪುರ, ಯುದ್ಧ ಸ್ಮಾರಕ ಅಂದರೆ ಬೇರೆ ಊರುಗಳಲ್ಲಿ ಒಂದೇ ಚೌಕದಲ್ಲಿ ಎರಡೂ ಸಿಗಬಹುದು. ನಮಗೆ ಎರಡು ಜಿಲ್ಲೆ ಸುತ್ತಬೇಕಾಯಿತು.

ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಬೆಂಗಳೂರು ದಾಟುವ ಮುಂಚೆ ಮೇಖ್ರಿ ಸರ್ಕಲ್ ಹತ್ತಿರ ಜೆ.ಸಿ. ನಗರದ ಕಡೆ ತಿರುಗಿಸಿದೆವು. ಅಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕ ಇದೆ. ದಿನಾ ಆ ದಾರಿಯಲ್ಲಿ ಹೋಗುವ ಎಷ್ಟೋ ಜನಕ್ಕೆ ಅದು ಯಾರ ಕಂಬ ಅಂತ ಗೊತ್ತಿರಲಿಕ್ಕಿಲ್ಲ. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆ ಸವಾರರು ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದಿದ್ದು ಅವರು ಮತ್ತು ಜೋಧಪುರದ ಸವಾರರು. ಜೋಧಪುರದವರು ಊರಿನೊಳಗೆ ನುಗ್ಗಿದರು. ನಮ್ಮವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಎದುರಿಗೆ ಮೆಷಿನ್ ಗನ್. ಇವರ ಕೈಯಲ್ಲಿ ಈಟಿ, ಕತ್ತಿ.

ಕಂಬವನ್ನು ಒಂದು ಸುತ್ತು ಹಾಕಿ ಭಾವ ಕೇಳಿದರು, ‘ಇದರಲ್ಲಿ ಕುದುರೆ ಎಲ್ಲಪ್ಪಾ?’

ಒಳ್ಳೇ ಪ್ರಶ್ನೆ. ಆ ಕಾಲದ ಬ್ರಿಟಿಷ್ ಮಾದರಿಯ ಸ್ಮಾರಕಗಳಲ್ಲಿ ಬರಹಕ್ಕೆ ಜಾಗ ಜಾಸ್ತಿ, ಚಿತ್ರಕ್ಕೆ ಕಡಿಮೆ. ಮೆಟ್ಟಿಲಿನಂಥ ಪೀಠ, ಅದರ ಮೇಲೆ ನೇರ ಕಂಬ, ಮೈಮೇಲೆ ಅಕ್ಷರ. ಸತ್ತವರ ದೇಹ ಸಾವಿರಾರು ಮೈಲಿ ದೂರದಲ್ಲಿ ಉಳಿದಿದೆ. ಈ ಕಲ್ಲು ಇಲ್ಲಿದ್ದವರಿಗೆ ಬರೆದ ಕಾಗದ ಅಷ್ಟೇ. ದಿಲ್ಲಿಯ ತೀನ್ ಮೂರ್ತಿಯಲ್ಲಾದರೆ ಹೈದರಾಬಾದ್, ಮೈಸೂರು, ಜೋಧಪುರ ಪಡೆಗಳ ಹೆಸರಿನಲ್ಲಿ ಮೂರು ಆಳುಗಳ ಪ್ರತಿಮೆಗಳಿವೆ. ಅಲ್ಲೂ ಕುದುರೆ ಇಲ್ಲ, ಆಳುಗಳು ನಿಂತೇ ಇದ್ದಾರೆ.

ಅಲ್ಲಿಂದ ಕೋಲಾರಕ್ಕೆ. ಹೊಸಕೋಟೆಯ ಟ್ರಾಫಿಕ್ ಬಗ್ಗೆ ಏನೂ ಬರೆಯದಿರುವುದೇ ವಾಸಿ.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಕ್ಲಾಕ್ ಟವರ್ ಹತ್ತಿರ ಹೋದೆವು. ಆಟೋ, ಹಣ್ಣಿನ ಗಾಡಿ, ಚಪ್ಪಲಿ ಅಂಗಡಿ, ಮೊಬೈಲ್ ಅಂಗಡಿ, ಇವೆಲ್ಲದರ ನಡುವೆ ಗೋಪುರ. 2022ರ ಮಾರ್ಚ್‌ನಲ್ಲಿ ಅದಕ್ಕೆ ಬಿಳಿ ಬಣ್ಣ ಬಳಿದು ತ್ರಿವರ್ಣ ಧ್ವಜ ಹಾರಿಸಿದ್ದು, ಅದರ ಹಿಂದೆ ಮುಂದೆ ನಡೆದ ಗಲಾಟೆ, ಎಲ್ಲ ಪೇಪರ್‌ನಲ್ಲಿ ಬಂದಿದೆ. ನಾವು ಅದನ್ನು ಕೆದಕಲು ಹೋಗಲಿಲ್ಲ. ಭಾವನ ಕಣ್ಣು ಬೇರೆಯದರ ಮೇಲಿತ್ತು.

‘ಜನ ಇದನ್ನ ಕಟ್ಟಡ ಅಂತ ನೋಡ್ತಾರೆ. ಗಡಿಯಾರದ ಗೋಪುರ ಅಂದ್ರೆ ಒಂದು ದೊಡ್ಡ ಗಡಿಯಾರದ ಪೆಟ್ಟಿಗೆ ಕಣಯ್ಯಾ’ ಎಂದು ಶುರು ಮಾಡಿದರು. ಎದುರಿನ ಅಂಗಡಿಯಲ್ಲಿ ಎರಡು ಟೀ ಹೇಳಿ ಕೂತೆವು. ಮುಂದಿನ ಒಂದು ಗಂಟೆ ಪಾಠ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹಳೇ ಕಾಲದ ಗೋಪುರ ಗಡಿಯಾರಕ್ಕೆ ಸ್ಪ್ರಿಂಗ್ ಇರಲಿಲ್ಲ. ಅದನ್ನು ನಡೆಸುತ್ತಿದ್ದದ್ದು ಭಾರ. ಉಕ್ಕಿನ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ಬಾವಿಗೆ ಬಿಟ್ಟ ಕೊಡದ ಹಾಗೆ ಗೋಪುರದ ಹೊಟ್ಟೆಯೊಳಗೆ ನಿಧಾನಕ್ಕೆ ಇಳಿಯುತ್ತದೆ. ಅದು ಇಳಿಯುವ ಬಲಕ್ಕೆ ಹಲ್ಲಿನ ಚಕ್ರಗಳು ತಿರುಗುತ್ತವೆ. ಸುಮ್ನೆ ಬಿಟ್ಟರೆ ಗುಂಡು ದಡ್ ಅಂತ ನೆಲಕ್ಕೆ ಬೀಳುತ್ತದೆ. ಹಾಗಾಗದಂತೆ ಲೋಲಕ ಅದನ್ನು ತಡೆದು ತಡೆದು, ಪ್ರತಿ ತೂಗಿಗೆ ಒಂದೊಂದೇ ಹಲ್ಲು ದಾಟಲು ಬಿಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಆ ತಡೆಯ ಸದ್ದು. ಗುಂಡು ತಳ ಮುಟ್ಟುವ ಮುಂಚೆ ಯಾರಾದರೂ ಮೆಟ್ಟಿಲು ಹತ್ತಿ ಹೋಗಿ, ಹಿಡಿ ತಿರುಗಿಸಿ ಮತ್ತೆ ಮೇಲಕ್ಕೆ ಎತ್ತಬೇಕು. ಇದೇ ಕೀ ಕೊಡುವುದು. ಸಾಮಾನ್ಯವಾಗಿ ವಾರಕ್ಕೊಂದು ಸಲ.

ಗೋಪುರ ಎತ್ತರ ಇರುವುದು ದೂರಕ್ಕೆ ಕಾಣಲಿ ಅಂತ ಮಾತ್ರ ಅಲ್ಲ ಅನ್ನುವುದು ನನಗೆ ಹೊಳೆದದ್ದು ಆಗಲೇ. ಗುಂಡಿಗೆ ಇಳಿಯಲು ಜಾಗ ಬೇಕು. ಜಾಗ ಕಡಿಮೆಯಾದರೆ ಕೀ ಕೊಡುವವನು ಪದೇ ಪದೇ ಹತ್ತಬೇಕಾಗುತ್ತದೆ.

ನಾಲ್ಕು ಮುಖ ಇದ್ದರೆ ನಾಲ್ಕು ಗಡಿಯಾರ ಅಂತ ನಾನು ಅಂದುಕೊಂಡಿದ್ದೆ. ಹಳೇ ಗೋಪುರಗಳಲ್ಲಿ ಯಂತ್ರ ಒಂದೇ. ಅದರಿಂದ ಒಂದು ಕಂಬಿ ಮೇಲಕ್ಕೆ ಹೋಗಿ, ಓರೆ ಹಲ್ಲಿನ ಚಕ್ರಗಳ ಮೂಲಕ ನಾಲ್ಕು ದಿಕ್ಕಿಗೆ ನಾಲ್ಕು ಕಂಬಿಗಳಾಗಿ ಒಡೆಯುತ್ತದೆ. ನಾಲ್ಕೂ ಮುಖದಲ್ಲಿ ಬೇರೆ ಬೇರೆ ಟೈಮ್ ತೋರಿಸಿದರೆ ಯಂತ್ರದ ತಪ್ಪಲ್ಲ, ಎಲ್ಲೋ ಮುಳ್ಳು ಸಡಿಲ ಆಗಿದೆ ಅಂತ ಅರ್ಥ. ನಿಮಿಷದ ಮುಳ್ಳಿಗೆ ಹಿಂದುಗಡೆ ಒಂದು ಚಿಕ್ಕ ಬಾಲ ಇರುತ್ತದೆ. ಅದು ತೂಕ ಸರಿದೂಗಿಸಲು. ಅಷ್ಟುದ್ದದ ಮುಳ್ಳು ಮೇಲೇರುವಾಗ ಯಂತ್ರವನ್ನು ಎಳೆಯುತ್ತದೆ, ಇಳಿಯುವಾಗ ನೂಕುತ್ತದೆ. ಬಾಲ ಇಲ್ಲದಿದ್ದರೆ ಗಡಿಯಾರ ಅರ್ಧ ಗಂಟೆ ನಿಧಾನ, ಅರ್ಧ ಗಂಟೆ ಜೋರು ಅಂತ ಕುಂಟುತ್ತದೆ.

ಹಳೇ ಗಡಿಯಾರ ಕಟ್ಟುವವರಿಗೆ ಒಂದು ಅಂದಾಜೂ ಇತ್ತಂತೆ. ಮುಖ ನೆಲದಿಂದ ಹತ್ತು ಅಡಿ ಮೇಲಿದ್ದರೆ ಅದರ ಅಗಲ ಒಂದು ಅಡಿ. ಐವತ್ತು ಅಡಿ ಮೇಲೆ ಹೋದರೆ ಐದು ಅಡಿ. ಅದಕ್ಕಿಂತ ಚಿಕ್ಕದಾದರೆ ಕೆಳಗಿನವರಿಗೆ ಮುಳ್ಳು ಕಾಣುವುದಿಲ್ಲ. ಗಂಟೆ ತೂಗುವ ಕೋಣೆಗೆ ಗಾಜಿನ ಕಿಟಕಿ ಹಾಕುವುದಿಲ್ಲ, ಕೆಳಕ್ಕೆ ಓರೆಯಾದ ಪಟ್ಟಿಗಳನ್ನು ಹಾಕುತ್ತಾರೆ. ಮಳೆ ಒಳಗೆ ಬರಬಾರದು, ಸದ್ದು ರಸ್ತೆಗೆ ಇಳಿಯಬೇಕು.

‘ಅಂಕಿ ನೋಡಿದೀಯಾ? ರೋಮನ್ ಅಂಕಿಯ ಗಡಿಯಾರಗಳಲ್ಲಿ ನಾಲ್ಕಕ್ಕೆ ನಾಲ್ಕು ಗೀಟು ಎಳೆದಿರ್ತಾರೆ, ಪುಸ್ತಕದಲ್ಲಿರೋ ಹಾಗೆ ಅಲ್ಲ. ಅದೇ ಮೈಸೂರು ದೊಡ್ಡ ಗಡಿಯಾರದಲ್ಲಿ ಕನ್ನಡ ಅಂಕಿ. ಅದು ಚೆಂದ.’

ಮೈಸೂರಿನದು ನಾಲ್ವಡಿ ಕೃಷ್ಣರಾಜ ಒಡೆಯರ್ ಆಡಳಿತ ವಹಿಸಿಕೊಂಡು 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಅರಮನೆ ನೌಕರರು ಕೊಟ್ಟ ಕಾಣಿಕೆ. ಎತ್ತರ 75 ಅಡಿ. ರಾಜನಿಗೆ ಗೌರವ ಸಲ್ಲಿಸಲು ಪ್ರತಿಮೆ ಬಿಟ್ಟು ಗಡಿಯಾರ ಆರಿಸಿದ್ದು ನನಗೆ ಇಷ್ಟ. ಪ್ರತಿಮೆಯಾದರೆ ನೋಡಿ ಮುಂದೆ ಹೋಗುತ್ತೇವೆ. ಗಡಿಯಾರ ಕಟ್ಟಿದರೆ ನೂರು ವರ್ಷ ಅದನ್ನು ನಡೆಸುವ ಹೊಣೆಯನ್ನೂ ಊರಿಗೆ ಕೊಟ್ಟ ಹಾಗೆ. ಆ ಹೊಣೆ ಹೊತ್ತವನಿಗೆ ಸಂಬಳ ನಿಂತ ತಿಂಗಳೇ ಗಡಿಯಾರವೂ ನಿಲ್ಲುತ್ತದೆ ಅನ್ನುವುದು ಭಾವನ ಅನುಭವ. ಈಗ ಹೆಚ್ಚಿನ ಕಡೆ ಯಂತ್ರ ಕಿತ್ತು ಕರೆಂಟಿನ ಮೋಟಾರ್ ಕೂರಿಸುತ್ತಾರೆ. ಹೊಟ್ಟೆ ಖಾಲಿ, ಮುಖ ಮಾತ್ರ ಹಳೇದು.

ಸಂಜೆ ಹೈದರಾಲಿಯ ತಂದೆ ಫತೇ ಮಹಮ್ಮದ್ ಗೋರಿ ಇರುವ ಮಕ್ಬರಕ್ಕೆ ಹೋದೆವು. ಕೋಲಾರದ ಫೌಜುದಾರ, ಅಂದರೆ ಸೇನಾಧಿಕಾರಿ ಆಗಿದ್ದವನು, ಯುದ್ಧದಲ್ಲಿ ಸತ್ತವನು. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ಪಾಳೆಯದಲ್ಲಿ ಹೈದರಾಲಿ ತೀರಿಕೊಂಡಾಗ ಅವನ ದೇಹವನ್ನೂ ಮೊದಲು ತಂದದ್ದು ಕೋಲಾರಕ್ಕೆ. ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದರು. ಇಲ್ಲಿ ಆಡಂಬರ ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಐದು ನಿಮಿಷದಲ್ಲಿ ಹೊರಗೆ ಬಂದೆವು.

ಶನಿವಾರ

ಬೆಳಿಗ್ಗೆ ಕೋಲಾರಮ್ಮನ ದರ್ಶನ. ಗುಡಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿದೆ. ಒಳಗೆ ಚೇಳಮ್ಮ ಇದ್ದಾಳೆ, ಅವಳ ಮುಂದೆ ನೆಲದೊಳಗೇ ಹುಂಡಿ. ಭಾವ ಕಾಸು ಹಾಕಿ, ಅದು ತಳ ಮುಟ್ಟುವ ಸದ್ದು ಕೇಳಲು ಕಾದರು. ಅಂತರಗಂಗೆ ಬೆಟ್ಟ ಹತ್ತುವುದು ಬೇಡ, ಮಂಡಿ ನೋವು ಅಂದರು. ಸರಿ ಎಂದು ಮುಳಬಾಗಿಲು ದಾರಿ ಹಿಡಿದೆವು. ಮುಳಬಾಗಿಲಿಗೆ ಹೋಗಿ ದೋಸೆ ತಿನ್ನದೆ ಬರುವುದು ಸಾಧ್ಯವೇ ಇಲ್ಲ. ಚಿಕ್ಕದು, ದಪ್ಪ, ಅಂಚು ಗರಿಗರಿ, ತುಪ್ಪದಲ್ಲಿ ಮಿಂದಿದ್ದು. ಭಾವನ ಶುಗರ್ ಲೆಕ್ಕ ಅಲ್ಲಿ ತಪ್ಪಿತು.

ಆವಣಿಯ ರಾಮಲಿಂಗೇಶ್ವರ ಗುಡಿಗಳು ನೊಳಂಬ ಅರಸರ ಕಾಲದವು. ಅಲ್ಲಿನ ಶಾಸನವೊಂದರಲ್ಲಿ ತ್ರಿಭುವನಕರ್ತ ಎಂಬ ಗುರು ನಲವತ್ತು ವರ್ಷ ಆ ಸ್ಥಾನ ಆಳಿ, ಐವತ್ತು ಗುಡಿ ಮತ್ತು ಎರಡು ದೊಡ್ಡ ಕೆರೆ ಕಟ್ಟಿಸಿದ ಅಂತ ಇದೆ. ಗುಡಿ ಲೆಕ್ಕದ ಜೊತೆ ಕೆರೆ ಲೆಕ್ಕವನ್ನೂ ಬರೆದವರು ನಮ್ಮ ಬಯಲುಸೀಮೆಯವರು, ಬಿಡಿ.

ನಾನು ಬಂದದ್ದು ವೀರಗಲ್ಲಿಗಾಗಿ. ಬರುವ ದಾರಿಯಲ್ಲಿ ಒಂದು ಊರಿನ ಕೆರೆ ಏರಿ ಕೆಳಗೆ ನಾಲ್ಕೈದು ಕಲ್ಲು ಸಾಲಾಗಿ ನಿಂತಿದ್ದವು. ಕಾರು ನಿಲ್ಲಿಸಿದೆವು. ಕೆರೆಯಲ್ಲಿ ನೀರು ಇತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಇದು ಆ ನೀರೋ ಮಳೆ ನೀರೋ ಅಂತ ಕೇಳಿದ್ದಕ್ಕೆ ದನ ಕಾಯುತ್ತಿದ್ದ ಅಜ್ಜಿ, ‘ನೀರು ನೀರೇ ಅಲ್ವಾ ಸ್ವಾಮಿ’ ಅಂದರು. ಆಮೇಲೆ ತೆಲುಗಿನಲ್ಲಿ ಹಸುವಿಗೆ ಏನೋ ಬೈದರು.

ಹೆಚ್ಚಿನವರು ನೋಡಿರುವ ವೀರಗಲ್ಲು ಮೂರು ಅಂತಸ್ತಿನದು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ, ಪೂಜಾರಿ ಪಕ್ಕದಲ್ಲಿ, ನೆತ್ತಿಯಲ್ಲಿ ಸೂರ್ಯ ಚಂದ್ರ. ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಗಂಗರು, ಬಾಣರು, ನೊಳಂಬರ ಕಾಲದ ಹಳೆಯ ಕಲ್ಲುಗಳಲ್ಲಿ ಇಷ್ಟೆಲ್ಲ ಇರುವುದಿಲ್ಲ. ಒಂದೇ ದೊಡ್ಡ ಆಳು. ಕಾಲು ಅಗಲಿಸಿ, ಬಿಲ್ಲನ್ನೋ ಕಠಾರಿಯನ್ನೋ ಹಿಡಿದು ಕಲ್ಲಿನ ತುಂಬ ನಿಂತಿರುತ್ತಾನೆ. ಮೂಲೆಯಲ್ಲಿ ಪುಟ್ಟದಾಗಿ ಎರಡು ಮೂರು ಹಸು. ಎಷ್ಟೋ ಕಲ್ಲುಗಳಲ್ಲಿ ಎದುರಾಳಿಯ ಬಾಣ ಅವನ ಮೈಗೆ ನಾಟಿರುವುದನ್ನೂ ಕೆತ್ತಿರುತ್ತಾರೆ. ಅಕ್ಷರ ತಲೆಯ ಸುತ್ತ, ತೋಳಿನ ಸಂದಿಯಲ್ಲಿ, ಜಾಗ ಸಿಕ್ಕಲ್ಲೆಲ್ಲ ಹರಿದಿರುತ್ತದೆ. ಮೊದಲು ಚಿತ್ರ, ಉಳಿದ ಜಾಗದಲ್ಲಿ ಬರಹ. ಜೆ.ಸಿ. ನಗರದ ಕಂಬಕ್ಕೆ ಪೂರಾ ಉಲ್ಟಾ.

ನಾವು ಕಂಡ ಸಾಲಿನಲ್ಲಿ ಒಂದು ಇಂಥದ್ದು. ಸೊಂಟದವರೆಗೆ ಹೂತಿದೆ. ಮುಖಕ್ಕೆ ಎಣ್ಣೆ ಹಚ್ಚಿ ಹಚ್ಚಿ ಕಣ್ಣು ಮೂಗು ಮಾಸಿದೆ. ಹಣೆಗೆ ಮೂರು ಗೆರೆ ವಿಭೂತಿ. ಪಕ್ಕದ ಕಲ್ಲಿನಲ್ಲಿ ಕಂಬದಿಂದ ಹೊರಟ ತೋಳು, ಬಳೆ ತೊಟ್ಟದ್ದು, ಅಂಗೈ ಮೇಲೆ. ಅದು ಮಾಸ್ತಿಗಲ್ಲು. ಗಂಡನ ಚಿತೆ ಏರಿದವಳದು. ಅದರ ಮುಂದೆ ಚೆಂದ ಅನ್ನಲು ನನಗೆ ಬಾಯಿ ಬರಲಿಲ್ಲ.

ಈ ಕಲ್ಲುಗಳು ಯಾವ ಯುದ್ಧಕ್ಕೆ? ದೊಡ್ಡ ರಾಜರ ಕಾಳಗ ಕೆಲವು. ಬೆಂಗಳೂರಿನ ಬೇಗೂರಿನ ಪ್ರಸಿದ್ಧ ಕಲ್ಲು ಅಂಥದ್ದು, ತುಂಬೇಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ಬಿದ್ದ ನಾಗತ್ತರನದು. ಅದು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಆದರೆ ಎಷ್ಟೋ ಕಲ್ಲು ನಿಂತಿರುವುದು ತುರುಗೊಳ್‌ಗೆ, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತದ್ದಕ್ಕೆ. ಪೆಣ್ಬುಯ್ಯಲ್, ಹೆಂಗಸರ ಮಾನ ಕಾಯಲು. ಊರಳಿವು, ಊರು ಹಾಳಾದಾಗ. ಹೀಗೆ ಸತ್ತವನ ಹೆಸರಿನ ಜೊತೆ ಅವನ ಮನೆಯವರಿಗೆ ಕೊಟ್ಟ ಭೂಮಿಯ ವಿವರವನ್ನೂ ಕಲ್ಲಿನಲ್ಲೇ ಬರೆಯುತ್ತಿದ್ದರು. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಅಂತೆಲ್ಲ ಆ ದಾನಕ್ಕೆ ಹೆಸರು. ಸ್ಮಾರಕವೂ ಅದೇ, ಪಿಂಚಣಿ ಪತ್ರವೂ ಅದೇ. ಅದಕ್ಕೇ ಕೊನೆಯಲ್ಲಿ ಶಾಪ ಇರುತ್ತದೆ: ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ.

‘ಇದಕ್ಕೆ ಕೀ ಕೊಡೋದು ಯಾರು?’ ಅಂದರು ಭಾವ.

ಅಜ್ಜಿಯನ್ನು ಕೇಳಿದೆ. ಇದು ಯಾವ ದೇವರು ಅಂದದ್ದಕ್ಕೆ ಅವರು ಒಂದು ಹೆಸರು ಹೇಳಿದರು. ಸುಗ್ಗಿ ಆದಮೇಲೆ ಒಂದು ಮನೆಯವರು ಬಂದು ತೊಳೆದು, ಎಣ್ಣೆ ಹಚ್ಚಿ, ಕೋಳಿ ಕೊಯ್ದು ಹೋಗುತ್ತಾರಂತೆ. ಯುದ್ಧದ ಕತೆ ಯಾರಿಗೂ ಗೊತ್ತಿಲ್ಲ. ಎಣ್ಣೆ ಹಚ್ಚುವುದರಿಂದ ಅಕ್ಷರ ಮುಚ್ಚಿಹೋಗುತ್ತದೆ ಅಂತ ಶಾಸನ ಓದುವವರು ಬೇಸರ ಮಾಡಿಕೊಳ್ಳುವುದು ನನಗೆ ಗೊತ್ತು. ನನ್ನ ಮಟ್ಟಿಗೆ ಎಣ್ಣೆಯೇ ವಾಸಿ. ದೇವರು ಆಗದ ಕಲ್ಲು ನಮ್ಮ ಕಡೆ ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಇಲ್ಲವೇ ಚರಂಡಿಗೆ ಚಪ್ಪಡಿ. ಅಕ್ಷರಗಳನ್ನು ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್ ಕಾಲದಲ್ಲೇ ಪ್ರತಿ ಮಾಡಿಕೊಂಡು ಹೋಗಿದ್ದಾರೆ. ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ 1905ರಲ್ಲೇ ಅಚ್ಚಾಯಿತು. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಕಲ್ಲುಗಳೂ ಅದರಲ್ಲೇ ಇವೆ. ಆ ಜಿಲ್ಲೆ ಬೇರೆಯಾಗಿದ್ದು 2007ರಲ್ಲಿ ತಾನೇ.

ಅಲ್ಲಿಂದ ಬೇತಮಂಗಲದ ಮೇಲೆ ಕೆ.ಜಿ.ಎಫ್.ಗೆ. ಗಣಿಗಳ ಒಳಗೆ ಬಿಡುವುದಿಲ್ಲ. ಹೊರಗಿನಿಂದಲೇ ಬಾವಿಗಳ ಮೇಲಿನ ಕಬ್ಬಿಣದ ಗೋಪುರ, ಅದರ ತುದಿಯ ಗಾಲಿಗಳು, ಸೈನೈಡ್ ಮಣ್ಣಿನ ದಿಬ್ಬಗಳು ಕಂಡವು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ ಕೆಲಸ 2001ರ ಫೆಬ್ರುವರಿ 28ಕ್ಕೆ ನಿಂತಿತು. ಚಾಂಪಿಯನ್ ರೀಫ್‌ನಲ್ಲಿ ಆಳ ಮೂರು ಕಿಲೋಮೀಟರ್ ದಾಟಿತ್ತು. ಟೀ ಅಂಗಡಿಯಲ್ಲಿ ಸಿಕ್ಕ ಹಳೇ ಕಾರ್ಮಿಕರೊಬ್ಬರು, ‘ಇಲ್ಲಿ ಗಡಿಯಾರ ಯಾರು ನೋಡ್ತಿದ್ರು ಸಾರ್, ಸೈರನ್ ಕೂಗಿದ್ರೆ ಶಿಫ್ಟು’ ಅಂದರು. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ? ಒಳಗೆ ಬಂಡೆ ಸಿಡಿದಿದೆ ಅಂತ ಅರ್ಥ, ಹೆಂಗಸರು ಮಕ್ಕಳು ಬಾವಿ ಹತ್ತಿರ ಓಡುತ್ತಿದ್ದರು. ಅಷ್ಟು ಹೇಳಿ ಅವರು ಬಸ್ ಬಂತು ಎಂದು ಎದ್ದರು. ಭಾವ ಗಾಲಿಗಳನ್ನು ಬಹಳ ಹೊತ್ತು ನೋಡಿದರು. ಹಗ್ಗ, ಭಾರ, ಆಳದ ಬಾವಿ. ಅವರ ಕಣ್ಣಿಗೆ ಅದೂ ಗಡಿಯಾರದ ಕುಲವೇ.

ಭಾನುವಾರ

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು. ರಸ್ತೆ ಉದ್ದ, ಹೇಳುವುದು ಕಡಿಮೆ. ಎಡಗಡೆ ನಂದಿ ಬೆಟ್ಟ ಕಂಡಾಗ, 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಅದನ್ನು ಹಿಡಿದ ಕತೆ ಹೇಳಿದೆ. ಟಿಪ್ಪು ವಿರುದ್ಧದ ಆ ಯುದ್ಧದಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿಯವರಿಗೆ ಬೆಂಗಳೂರಿನಲ್ಲಿ ಒಂದು ಎತ್ತರದ ಸ್ಮಾರಕ ಕಂಬ ಇತ್ತು. 1964ರಲ್ಲಿ ಅದನ್ನು ಕೆಡವಿದರು. ಗೆದ್ದವರು ಕಟ್ಟಿದ್ದನ್ನು ಅವರು ಹೋದ ಮೇಲೆ ನೋಡಿಕೊಳ್ಳುವವರು ಯಾರು? ಕೆಡವಿದ್ದು ಸರಿಯೋ ತಪ್ಪೋ ಅಂತ ಗೌರಿಬಿದನೂರು ಬರುವವರೆಗೂ ನಮ್ಮಿಬ್ಬರಿಗೆ ವಾದ. ಮ್ಯೂಸಿಯಂನಲ್ಲಾದರೂ ಇಡಬಹುದಿತ್ತು ಅನ್ನುವುದು ನನ್ನ ಮಾತು. ಭಾವ ಒಪ್ಪಲಿಲ್ಲ.

ವಿದುರಾಶ್ವತ್ಥ ಗೌರಿಬಿದನೂರಿಗೆ ಹತ್ತಿರ, ಉತ್ತರ ಪಿನಾಕಿನಿ ದಂಡೆಯಲ್ಲಿ. ಆಚೆ ಆಂಧ್ರ. ವಿದುರ ನೆಟ್ಟದ್ದು ಎಂದು ಜನ ನಂಬಿದ್ದ ಅರಳಿ ಮರ 2001ರಲ್ಲಿ ಉರುಳಿತು. ನಾಗರಕಲ್ಲುಗಳು ಮಾತ್ರ ಲೆಕ್ಕ ಇಲ್ಲದಷ್ಟಿವೆ, ಒಂದಕ್ಕೊಂದು ಒರಗಿ ನಿಂತಿವೆ. ಹರಕೆಯವರು ಇನ್ನೂ ತರುತ್ತಲೇ ಇದ್ದಾರೆ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಧ್ವಜ ಸತ್ಯಾಗ್ರಹ ಮಾಡಿದ್ದರು. ಮೈಸೂರು ಸರ್ಕಾರ ಧ್ವಜಕ್ಕೆ ನಿಷೇಧ ಹಾಕಿತ್ತು. ಆಮೇಲೆ ಅದೇ ತಿಂಗಳ 25ರಂದು ಇಲ್ಲಿ ಜನ ಸೇರಿದರು. ಜಾತ್ರೆಯ ಕಾಲ ಬೇರೆ. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಅಂತ ಸರ್ಕಾರದ ಕಡೆಯ ಲೆಕ್ಕ. ಊರವರ ಲೆಕ್ಕ ಮೂವತ್ತಕ್ಕೂ ಮೇಲೆ. ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಅವರನ್ನು ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಗಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತಾಯಿತು.

ಈಗ ಅಲ್ಲಿ ಹುತಾತ್ಮರ ಸ್ತೂಪ ಇದೆ, ಪಕ್ಕದಲ್ಲಿ ಚಿತ್ರಗಳನ್ನು ಇಟ್ಟ ವೀರಸೌಧ. ಸ್ತೂಪದ ರೂಪ ಹೊಸ ಕಾಲದ್ದು, ಶಾಲೆ ಅಂಗಳದ ಧ್ವಜಕಟ್ಟೆಗೆ ಹತ್ತಿರ. ಶಿಲ್ಪ ಅಂತ ನೋಡಿದರೆ ನೊಳಂಬರ ಕಲ್ಲಿನ ಮುಂದೆ ಅದು ನಿಲ್ಲುವುದಿಲ್ಲ. ಆದರೆ ಒಂದು ವಿಷಯದಲ್ಲಿ ವೀರಗಲ್ಲಿನ ವಂಶವೇ. ಜನ ಬಿದ್ದ ಊರಿನಲ್ಲೇ ಅದು ನಿಂತಿದೆ, ಮತ್ತೆ ಹೆಸರುಗಳು ಸುತ್ತಮುತ್ತಲಿನ ಹಳ್ಳಿಯವರವು. ಈಟಿ ಹಿಡಿದು ಹೈಫಾಕ್ಕೆ ಹೋದವರಲ್ಲ, ಜಾತ್ರೆಗೆ ಬಂದವರು.

ಬಿಸಿಲಲ್ಲಿ ನಿಂತು ಹೆಸರುಗಳನ್ನು ಓದಿದೆವು. ನಮ್ಮ ಹಿಂದೆ ಒಂದು ಸಂಸಾರ ನಾಗಪ್ರತಿಷ್ಠೆಗೆ ಬಂದಿತ್ತು. ತಾಯಿ ಮಗನಿಗೆ, ‘ಕೈ ಮುಗಿ’ ಅಂದರು. ಹುಡುಗ, ‘ಇದು ಯಾವ ದೇವ್ರಮ್ಮಾ?’ ಅಂತ ಕೇಳಿದ. ತಾಯಿ ಒಂದು ಕ್ಷಣ ಯೋಚಿಸಿ, ‘ದೇವ್ರಲ್ಲ, ಗುಂಡೇಟಿಗೆ ಸತ್ತೋರು. ಮುಗಿ’ ಅಂದರು. ಅವನು ಮುಗಿದ.

‘ಇವರಿಗೆ ಇನ್ನೂರು ವರ್ಷ ಆದ್ಮೇಲೆ ಎಣ್ಣೆ ಹಚ್ಚೋದು ಗ್ಯಾರಂಟಿ’ ಅಂದರು ಭಾವ.

ಮಧುಗಿರಿ ಮೇಲೆ ವಾಪಸ್. ಕೊರಟಗೆರೆಯಲ್ಲಿ ಮುದ್ದೆ ಊಟ. ಭಾವ ಊಟದ ನಡುವೆಯೇ ಮುಂದಿನ ಪ್ಲಾನ್ ಹೇಳಿದರು: ಮೈಸೂರು ದೊಡ್ಡ ಗಡಿಯಾರ. ಕೆಳಗಿನಿಂದ ನೋಡಿ ಬರುವುದಲ್ಲ, ಒಳಗೆ ಯಂತ್ರ ನೋಡಬೇಕು. ಯಾರ ಹತ್ತಿರ ಪರ್ಮಿಷನ್ ಕೇಳಬೇಕು ಅಂತ ವಿಚಾರಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಗೊತ್ತಿದ್ದವರು ಹೇಳಿ.